ಮಂಚದಿಂದಲೇ ಕಾರು ಬಿಟ್ಟ ಮಾವ

ಪ್ರಪಂಚದಲ್ಲಿ ಎಲ್ಲರೂ ಕಾರಿನೊಳಗೆ ಕೂತು ಕಾರು ಸ್ಟಾರ್ಟ್ ಮಾಡುತ್ತಾರೆ. ಅದರಲ್ಲೇನು ಹೆಚ್ಚುಗಾರಿಕೆ? ಮಾಂಬಳ್ಳಿಯ ನಮ್ಮ ಸೋದರಮಾವ ಹೊದ್ದ ಕಂಬಳಿಯನ್ನೂ ಸರಿಸದೆ, ಹಲ್ಲನ್ನೂ ಉಜ್ಜದೆ, ಮಂಚದಿಂದಲೇ ಸ್ಟಾರ್ಟ್ ಮಾಡುತ್ತಿದ್ದರು! ದಿಂಬಿನಡಿಯಿಂದ ಬೆಂಕಿಪೊಟ್ಟಣದಷ್ಟು ಗಾತ್ರದ ರಿಮೋಟು ತೆಗೆದು, ಕಿಟಕಿಯತ್ತ ಕೈ ಚಾಚಿ ಗುಂಡಿ ಒತ್ತಿದರೆ ಅಂಗಳದಲ್ಲಿ ಕಾರು ಬುರ್ ಎನ್ನಬೇಕು. ಎಂದ ಕೂಡಲೇ ಮಾವ ಬೀದಿಗೆಲ್ಲ ಕೇಳುವಂತೆ "ಸದ್ಯ!" ಎಂದು ಉಸಿರು ಬಿಟ್ಟು, ಮತ್ತೆ ಗುಂಡಿ ಒತ್ತಿ ಆರಿಸಿ, ಆಮೇಲೆಯೇ ಕಾಲು ನೆಲಕ್ಕಿಡುವುದು. ಎಲ್ಲಿಗೆ ಹೋಗಬೇಕಾಗಿತ್ತು ಅಂತೀರಾ? ಎಲ್ಲಿಗೂ ಇಲ್ಲ!

ಇದನ್ನು ಶೋಕಿ ಅಂದುಕೊಂಡರೆ ನಿಮಗೆ ಮಾವನ ಹಳೇ ಕಾರು ಗೊತ್ತಿಲ್ಲ. ಆ ಕಾರಿಗೆ ಪೆಟ್ರೋಲಿಗಿಂತ ಜನ ಹೆಚ್ಚು ಬೇಕಿತ್ತು. ಮಾವ ಯಾವುದಕ್ಕೆ ಕರೆದರೂ ಊರಿನವರು "ಊಟಕ್ಕಾ, ತಳ್ಳಾಕಾ?" ಎಂದು ಕೇಳಿಕೊಂಡೇ ಬರುತ್ತಿದ್ದರು. ನನ್ನ ಮದುವೆಯ ದಿಬ್ಬಣ ಹನೂರಿಗೆ ಹೊರಟಾಗ ಮಧುವನಹಳ್ಳಿಯ ಹತ್ತಿರ ಅದು ನಿಂತೇಬಿಟ್ಟಿತು. ಗಂಡಸರು ಸಾಲದೆ ಬಂದು, ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಾನೂ ಹೆಗಲು ಕೊಟ್ಟೆ. "ಎಣ್ಣು ಗಟ್ಟಿಗಿತ್ತಿ ಕಣ್ಲಾ, ಸಂಸಾರನೂ ಇಂಗೇ ತಳ್ಕಂಡು ಓಯ್ತಳೆ" ಎಂದು ಯಾರೋ ಹಿಂದಿನಿಂದ ಅಂದರು. ಹದಿನಾರಾಣೆ ನಿಜವಾಯಿತು ಬಿಡಿ, ಇವತ್ತಿಗೂ ತಳ್ಳುತ್ತಿದ್ದೇನೆ.

ಅದರ ಹ್ಯಾಂಡ್ ಬ್ರೇಕಂತೂ ಹೆಸರಿಗಷ್ಟೇ. ಎಲ್ಲಿ ನಿಲ್ಲಿಸಿದರೂ ಗೇರಿಗೆ ಹಾಕಿ ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವಾಗ ಅತ್ತೆಯ ಮಡಿಲಲ್ಲಿ ಹಣ್ಣುಕಾಯಿ ಬುಟ್ಟಿ, ಪಾದದ ಹತ್ತಿರ ಕಲ್ಲು! ಬೆಟ್ಟ ಹತ್ತಿದ ಮೇಲೆ ಕಾರಿನಿಂದ ಮೊದಲು ಇಳಿಯುತ್ತಿದ್ದದ್ದು ಕಲ್ಲು, ಆಮೇಲೆ ಅತ್ತೆ, ಕೊನೆಗೆ ಬುಟ್ಟಿ.

ಆದರೆ ಎಲ್ಲಾ ದಿನವೂ ನಗುವ ದಿನವಲ್ಲವಲ್ಲ. ಅತ್ತೆಗೆ ಉಬ್ಬಸ. ಒಂದು ಮುಂಜಾನೆ ಅವರು ಉಸಿರು ಸಿಕ್ಕದೆ ಒದ್ದಾಡುತ್ತಿದ್ದಾಗ, ಇಡೀ ಬೀದಿ ತಳ್ಳಿದರೂ ಕಾರು ಜಪ್ಪಯ್ಯ ಎನ್ನಲಿಲ್ಲ. ಪುಣ್ಯಕ್ಕೆ ಹಾಲಿನ ವ್ಯಾನು ಬಂತು. ಕ್ಯಾನುಗಳ ನಡುವೆ ಕೂರಿಸಿಕೊಂಡು ಕೊಳ್ಳೇಗಾಲದ ಆಸ್ಪತ್ರೆ ಮುಟ್ಟಿಸಿದರು. ಅತ್ತೆ ಬದುಕಿಕೊಂಡರು. ಮಾವನ ಎದೆಯಲ್ಲಿ ಮಾತ್ರ ಆ ಮುಂಜಾನೆಯ ಭಯ ಕೂತುಬಿಟ್ಟಿತು.

ಹಳೇ ಕಾರು ಮಾರಿ ಹೊಸದು ತಂದರು. ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್ ಆಗುವ ಕಾರು! ಅಷ್ಟು ಸುಲಭವಾಗಿ ಸ್ಟಾರ್ಟ್ ಆಗುವುದನ್ನು ನೋಡಿ ಮಾವನಿಗೆ ಅನುಮಾನವೇ ಹೆಚ್ಚಾಯಿತು. ಮೈಸೂರಿನಿಂದ ಈ ರಿಮೋಟ್ ಸ್ಟಾರ್ಟರ್ ತರಿಸಿ, ಕೊಳ್ಳೇಗಾಲದ ಮೆಕ್ಯಾನಿಕ್ ಹತ್ತಿರ ಹಾಕಿಸಿದರು.

"ಯಾಕ್ ಮಾವ ಇದು? ಕೀ ಇಲ್ವಾ?" ಎಂದು ಕೇಳಿದೆ.

"ನಿಮ್ಮತ್ತೇನ ಎತ್ಕಂಡು ನಾ ಜಗುಲಿಗೆ ಬರೋ ಒತ್ಗೆ ಕಾರು ಬುರ್ ಅಂತಿರ್ಬೇಕು ಕಣವ್ವಾ. ಇನ್ಮೇಲೆ ಯಾರ್ನೂ ತಳ್ಳಿ ಅನ್ನಾಕಿಲ್ಲ ನಾನು."

"ಗೇರಲ್ಲಿ ಮಾತ್ರ ನಿಲ್ಲಿಸ್ಬೇಡಿ ಸಾ" ಎಂದು ಮೆಕ್ಯಾನಿಕ್ ಸಾರಿ ಸಾರಿ ಹೇಳಿದ್ದ. ಇಪ್ಪತ್ತು ವರ್ಷದ ಅಭ್ಯಾಸ ಕೇಳಬೇಕಲ್ಲ? ಮಾವ ಕಾರನ್ನು ಅಂಗಳಕ್ಕೆ ತಂದು, ಭಕ್ತಿಯಿಂದ ಗೇರಿಗೆ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಮಲಗಿದರು. ಬೆಳಗ್ಗೆ ಮಂಚದಿಂದ ಗುಂಡಿ ಒತ್ತಿದರು. ಕಾರು ಬುರ್ ಎಂದಿತು. ಎಂದು, ಹೊರಟೇಬಿಟ್ಟಿತು! ಹಿಂದೆ ಕಲ್ಲಿತ್ತು ಸರಿ, ಮುಂದೆ ತಡೆಯುವವರು ಯಾರು? ಕೋಳಿಗಳನ್ನು ಚದುರಿಸಿ, ಅಂಗಳ ದಾಟಿ, ಹುಲ್ಲಿನ ಮೆದೆಗೆ ಮೂತಿ ತೂರಿಸಿ ನಿಂತಿತು. ಹಾಲು ಕರೆಯುತ್ತಿದ್ದ ಪಕ್ಕದ ಮನೆಯವನು ಚೊಂಬು ಬಿಸಾಕಿ ಓಡಿದ.

"ಒಳಗ ಯಾರೂ ಇಲ್ಲ ಕಣ್ಲಾ! ದೆವ್ವ ಓಡಿಸ್ತಾ ಅದ!"

"ದೆವ್ವ ಅಲ್ಲ ಕಣಪ್ಪಾ, ನಮ್ಮನೆಯವ್ರು. ಮಂಚದ್ ಮ್ಯಾಲವ್ರೆ" ಎಂದರು ಅತ್ತೆ, ಪೊರಕೆಯನ್ನು ಕೈಯಲ್ಲೇ ಹಿಡಿದುಕೊಂಡು.

ಅಂದಿನಿಂದ ಮಾವ ಗೇರು ಬಿಟ್ಟರು. ಹ್ಯಾಂಡ್ ಬ್ರೇಕನ್ನು ಎರಡೂ ಕೈಯಲ್ಲಿ ಎಳೆದು ನಿಲ್ಲಿಸತೊಡಗಿದರು. ಗುಂಡಿ ಒತ್ತುವುದು ಮಾತ್ರ ಹೆಚ್ಚುತ್ತಲೇ ಹೋಯಿತು. ಎದ್ದಾಗ ಒಮ್ಮೆ, ಉಂಡಾಗ ಒಮ್ಮೆ, ಗದ್ದೆಯಿಂದ ಬಂದಾಗ ಒಮ್ಮೆ. ಬುರ್, ಸದ್ಯ, ಬಂದ್. ಅತ್ತೆ ಪೆಟ್ರೋಲು ದಂಡ ಎಂದು ಗೊಣಗುತ್ತಲೇ ಇದ್ದರು.

ನಾನು ಅಲ್ಲಿಗೆ ಹೋಗಿದ್ದ ಒಂದು ಮಧ್ಯಾಹ್ನ, ಒಣಮೆಣಸಿನಕಾಯಿ ಹುರಿದ ಘಾಟಿಗೆ ಅತ್ತೆಗೆ ಉಬ್ಬಸ ಎದ್ದಿತು. ನೋಡನೋಡುತ್ತ ತುಟಿ ಕಪ್ಪಿಟ್ಟಿತು. ಮಾವ ಅವರನ್ನು ತಬ್ಬಿಕೊಂಡು ಜಗುಲಿಗೆ ತಂದು ಗುಂಡಿ ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು. ಊಹೂಂ! ಹೊತ್ತಿಗೊಮ್ಮೆ ಒತ್ತಿ ಒತ್ತಿ ರಿಮೋಟಿನ ಸೆಲ್ಲೇ ತೀರಿಹೋಗಿತ್ತು. ಮಾವನ ಬಾಯಿಂದ ಬಂದದ್ದು ಆ ಹಳೇ ಕೂಗೇ.

"ಬನ್ರೋ! ತಳ್ರೋ!"

ಬೀದಿಗೆ ಬೀದಿಯೇ ಓಡಿಬಂತು. "ಐಸಾ!" ಎಂದು ತಳ್ಳಿದರು. ಕಾರು ಮಿಸುಕಲಿಲ್ಲ. ಹೇಗೆ ಮಿಸುಕೀತು, ಎರಡೂ ಕೈಯಲ್ಲಿ ಎಳೆದ ಹ್ಯಾಂಡ್ ಬ್ರೇಕು! ಅಭ್ಯಾಸಬಲ ನೋಡಿ, ನಾನೂ ಸೆರಗು ಸಿಕ್ಕಿಸಿ ಹೆಗಲು ಕೊಟ್ಟಿದ್ದೆ. ಯಾರೋ ನನ್ನ ಸೀರೆ ಹಿಡಿದು ಜಗ್ಗಿದರು. ತಿರುಗಿದರೆ ಅತ್ತೆ, ಜಗುಲಿ ಇಳಿದು ಬಂದಿದ್ದಾರೆ. ಮಾತಾಡಲು ಉಸಿರಿಲ್ಲ. ಸೊಂಟದ ಬೀಗದಕೈ ಗೊಂಚಲಿನಿಂದ ಒಂದನ್ನು ಎತ್ತಿ ತೋರಿಸುತ್ತಿದ್ದಾರೆ. ಕಾರಿನ ಕೀ! ಗುಂಡಿಯ ಗುಂಗಿನಲ್ಲಿ ಅದೊಂದು ಇದೆ ಎನ್ನುವುದೇ ನಮಗೆಲ್ಲ ಮರೆತುಹೋಗಿತ್ತು. ಗಂಡನ ಗುಂಡಿಯನ್ನು ನಂಬದೆ, ಉಗ್ರಾಣದ ಬೀಗದಕೈ ಜೊತೆಗೆ ಅದನ್ನೂ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು ಪುಣ್ಯಾತ್ಗಿತ್ತಿ.

ಒಂದೇ ತಿರುವಿಗೆ ಕಾರು ಬುರ್ ಎಂದಿತು. ಮಾವ "ಸದ್ಯ" ಎನ್ನಲಿಲ್ಲ. ಕೊಳ್ಳೇಗಾಲದವರೆಗೂ ಹಾರ್ನಿನಿಂದ ಕೈ ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿದರು. ಭಯವಿಲ್ಲ ಎಂದು ಡಾಕ್ಟರು ಹೇಳಿದರೂ ಮಾವ ಮಂಚದ ಪಕ್ಕದಿಂದ ಕದಲಲಿಲ್ಲ. ಕಿಟಕಿಯಾಚೆ ನಮ್ಮ ಕಾರು ಇನ್ನೂ ಬುರ್ ಎನ್ನುತ್ತಲೇ ಇತ್ತು.

"ಮಾವ, ಕಾರು ಆರ್ಸಿಲ್ಲ. ನಾನು ಓಗಿ ಆರ್ಸಿ ಬರ್ಲಾ?"

"ಬ್ಯಾಡ ಕಣವ್ವಾ, ಓಡ್ತಾ ಇರ್ಲಿ. ಅವ್ಳು ಒಂದ್ ಮಾತಾಡೋ ಗಂಟ ನಾ ಆರ್ಸಾಕಿಲ್ಲ."

ನನಗೆ ನಗು ಬರಲಿಲ್ಲ. ಅವರ ಪಕ್ಕ ಕೂತೆ. ಆಚೆ ಕಾರಿನ ಸದ್ದು, ಈಚೆ ಅತ್ತೆಯ ಎದೆಯ ಗೊರಗೊರ. ಬರಬರುತ್ತ ಗೊರಗೊರ ಇಳಿಯಿತು. ತುಟಿಗೆ ಬಣ್ಣ ಬಂತು. ಅತ್ತೆ ಕಣ್ಣು ಬಿಟ್ಟು, ನಮ್ಮನ್ನು ನೋಡಿ, ಕಿಟಕಿಯ ಕಡೆ ಕಿವಿ ಕೊಟ್ಟರು. ಹುಬ್ಬು ಗಂಟಿಕ್ಕಿತು. ಕೈಯಿಂದ ಮಾಸ್ಕ್ ಸರಿಸಿದರು.

"ಪೆಟ್ರೋಲೇನು ಬಾವಿ ನೀರಾ? ಓಗಿ ಆರ್ಸಿ ಮೊದ್ಲು!"

ಮಾವ ಆರಿಸಲು ಹೋಗಲಿಲ್ಲ. ಅತ್ತೆಯ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ಮಂಚದ ಅಂಚಿಗೆ ಹಣೆಯಿಟ್ಟು ಗಳಗಳ ಅತ್ತುಬಿಟ್ಟರು. ಆ ಅಳುವಿನ ನಡುವೆ ನನಗೆ ಕೇಳಿಸಿದ್ದು ಒಂದೇ ಮಾತು.

"ಸದ್ಯ!"