ಲಂಟಾನಕ್ಕೆ ಮಾಡಿದ ಕ್ಷೌರ

ಪ್ರಪಂಚದ ಕೆಲಸಗಳಲ್ಲಿ ಕೂತು ಮಾಡುವಂಥವು, ನಿಂತು ಮಾಡುವಂಥವು, ಬಗ್ಗಿ ಮಾಡುವಂಥವು ಎಂದು ಮೂರು ಬಗೆ. ಕೇಂದ್ರ ಸರ್ಕಾರದ ನೌಕರಿಯಲ್ಲಿ ಕೂತು ಮಾಡುವುದನ್ನು ಚೆನ್ನಾಗಿಯೇ ಕಲಿತೆ. ಸಾಹೇಬರು ಬಂದಾಗ ಎದ್ದು ನಿಲ್ಲುವುದೂ ಬಂತು. ಬಗ್ಗುವ ವಿದ್ಯೆ ಮಾತ್ರ ಒಲಿಯಲಿಲ್ಲ. ನೆಲಕ್ಕೆ ಬಿದ್ದ ಪೆನ್ನನ್ನು ಕಾಲಿನಿಂದ ಹತ್ತಿರಕ್ಕೆ ಎಳೆದುಕೊಂಡು, ಯಾರಾದರೂ ಬಂದು ಎತ್ತಿಕೊಡಲಿ ಎಂದು ಕಾಯುವ ಜಾತಿ ನನ್ನದು. ಇಂಥವನು ಕಾಡು ಉಳಿಸಲು ಹೊರಟದ್ದು ಹೇಗೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಸುಮಿತ್ರಾ ಈಗಲೂ ಕೇಳುತ್ತಾಳೆ.

ನಾವಿರುವುದು ದೆಹಲಿಯ ಮುಖರ್ಜಿ ನಗರದಲ್ಲಿ. ಕೋಚಿಂಗ್ ಸೆಂಟರ್‌ಗಳ ಬೋರ್ಡುಗಳ ಸಂದಿಯಲ್ಲಿ ಆಕಾಶ ಹುಡುಕಬೇಕಾದ್ದರಿಂದ, ಬೆಳಗಿನ ವಾಕಿಂಗಿಗೆ ಸ್ಕೂಟರ್ ಹತ್ತಿ, ಊರ ನಡುವಿನ ಗುಡ್ಡದ ಸಾಲಿನಲ್ಲಿರುವ ರಿಡ್ಜ್ ಕಾಡಿಗೆ ಹೋಗುತ್ತೇನೆ. ನಡೆಯುವುದಕ್ಕೂ ಗಾಡಿಯಲ್ಲಿ ಹೋಗುವುದು ಈ ಊರಿನ ಪದ್ಧತಿ, ನಗಬೇಡಿ. ಅಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್ ಮೇಡಂ ಒಬ್ಬರು ಅರಣ್ಯದವರ ಒಪ್ಪಿಗೆ ಪಡೆದು, ಭಾನುವಾರಗಳಂದು ಜನ ಸೇರಿಸಿ ಲಂಟಾನ ಕೀಳಿಸುತ್ತಿದ್ದರು. ನೋಡಲು ಚೆಂದದ ಹೂವಿನ ಪೊದೆ. ಆದರೆ ಹೊರದೇಶದಿಂದ ಬಂದು ನೆಲವನ್ನೆಲ್ಲ ಹಬ್ಬಿ, ಇಲ್ಲಿನ ಗಿಡಗಳಿಗೆ ಬಿಸಿಲು, ನೀರು ಏನೂ ದಕ್ಕದಂತೆ ಮಾಡುತ್ತದಂತೆ. ಅದು ತೊಲಗಿದರೆ ಹಳೆಯ ಮರಗಳು ಮೇಲೇಳುತ್ತವೆ, ಅವುಗಳ ಹಿಂದೆಯೇ ಹಕ್ಕಿ, ಚಿಟ್ಟೆಗಳು ಬರುತ್ತವೆ ಎಂದರು. ಕೇಳುತ್ತ ಕೇಳುತ್ತ ನಾನು ಉಬ್ಬಿಹೋದೆ. ದಾರಿಯ ಪಕ್ಕದ ಒಂದು ತುಂಡನ್ನು ನನಗೇ ಬಿಡಿ, ಲಂಟಾನದ ಹೆಸರಿಲ್ಲದಂತೆ ಮಾಡದಿದ್ದರೆ ನನ್ನ ಹೆಸರು ರಾವ್ ಅಲ್ಲ ಎಂದು ಎಲ್ಲರೆದುರು ಪ್ರತಿಜ್ಞೆ ಮಾಡಿಯೂಬಿಟ್ಟೆ.

ಮಣ್ಣು ಕೆದಕಿ, ಬುಡದ ಗಡ್ಡೆಯ ಕೆಳಗೆ ಬೇರು ಕಡಿದು, ಗಿಡವನ್ನು ತಲೆಕೆಳಗಾಗಿ ಇಡಬೇಕೆಂದು ಮೇಡಂ ತೋರಿಸಿಕೊಟ್ಟಿದ್ದರು. ಅದಕ್ಕೆ ಬಗ್ಗಬೇಕು. ನಾನು ಪೀತಮ್‌ಪುರದ ಮಾರ್ಕೆಟ್ಟಿಗೆ ಹೋಗಿ ಉದ್ದ ಹಿಡಿಯ ಕತ್ತರಿ ತಂದು, ನಿಂತಲ್ಲೇ ಕಚಕಚನೆ ಮೇಲಿನಿಂದ ಕತ್ತರಿಸುತ್ತ ಹೋದೆ. ಕಣ್ಣಿಗೆ ಕಾಣದಿದ್ದರೆ ಕಡತ ವಿಲೇವಾರಿ ಆದಂತೆಯೇ ಎಂಬುದು ಆಫೀಸಿನಲ್ಲಿ ಕಲಿತ ಪಾಠ. ಮಳೆಗಾಲಕ್ಕೆ ಮುಂಚೆ ನನ್ನ ತುಂಡು ಕಾಡು ಬೋಳಾಗಿ ನಿಂತಿತ್ತು, ನಾನು ಮಾತ್ರ ತಲೆ ಎತ್ತಿ ಓಡಾಡಿದೆ.

ಮಳೆ ಬಂತು. ಕತ್ತರಿಸಿದ ಒಂದೊಂದು ಕಡ್ಡಿಗೂ ನಾಲ್ಕಾರು ಚಿಗುರು ಬಂದವು. ಪೊದೆ ಒಂದೇ ಎತ್ತರಕ್ಕೆ, ದಟ್ಟವಾಗಿ, ಕಿತ್ತಳೆ, ಗುಲಾಬಿ ಹೂ ಹೊತ್ತು ನಿಂತಿತು. ರಾಷ್ಟ್ರಪತಿ ಭವನದ ಮಾಲಿಯೂ ಅಂಥ ಬೇಲಿ ಬೆಳೆಸಲಾರ. ವಾಕಿಂಗಿನವರು ಅದರ ಮುಂದೆ ನಿಂತು ಸೆಲ್ಫಿ ತೆಗೆಯತೊಡಗಿದರು. ವಾಕಿಂಗ್ ಮಂಡಳಿಯ ಅಧ್ಯಕ್ಷರಾದ ಖನ್ನಾಜಿ ನನ್ನನ್ನು ತಬ್ಬಿಕೊಂಡರು. ದೆಹಲಿಗೆ ಬಂದಾಗಿನಿಂದ ಆ ದಾರಿಯಲ್ಲಿ ನಾನು ಬರೀ ಮದ್ರಾಸಿ. ಕರ್ನಾಟಕ ಬೇರೆಯೇ ರಾಜ್ಯ ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು. ಈಗ ಒಮ್ಮೆಲೇ ‘ಫೂಲ್‌ವಾಲೆ ರಾವ್ ಸಾಬ್’, ಹೂವಿನ ರಾವ್ ಸಾಹೇಬ, ಆದೆ. ಮುಂದಿನ ಭಾನುವಾರ ಆ ಬೇಲಿಯ ಮುಂದೆಯೇ ನನಗೆ ಸನ್ಮಾನವೆಂದೂ ಗೊತ್ತಾಯಿತು. ನನಗೆ ಸಂತೋಷವಾಯಿತು. ಸುಳ್ಳೇಕೆ ಹೇಳಲಿ, ಬಹಳವೇ ಸಂತೋಷವಾಯಿತು.

ಪ್ರೊಫೆಸರ್ ಮೇಡಂ ಬಂದು ನೋಡಿ, ಬೈಯಲಿಲ್ಲ. “ರಾವ್ ಸಾಬ್, ಆಪ್‌ನೆ ತೋ ಇಸ್‌ಕಿ ಕಟಿಂಗ್ ಕರ್ ದೀ”, ಇದಕ್ಕೆ ಕ್ಷೌರ ಮಾಡಿಬಿಟ್ಟಿರಲ್ಲ, ಎಂದಷ್ಟೇ ಹೇಳಿ, ಪೊದೆಯನ್ನು ಸರಿಸಿ ಒಳಗೆ ನೋಡಿ ಎಂದರು. ವಿಧಿಯಿಲ್ಲದೆ ಬಗ್ಗಿದೆ. ಕತ್ತಲಲ್ಲಿ ಒಂದು ಬಡಕಲು ಸಸಿ, ತುದಿಯಲ್ಲಿ ಮೂರು ಎಲೆ, ಬೆಳಕಿಗಾಗಿ ಕತ್ತು ವಾರೆ ಮಾಡಿಕೊಂಡು ನಿಂತಿತ್ತು. ಢಾಕ್ ಎಂದರು ಮೇಡಂ. ನಮ್ಮ ಮುತ್ತುಗ! ಅಜ್ಜಿ ಅದರ ಎಲೆಗಳನ್ನು ಕಡ್ಡಿ ಚುಚ್ಚಿ ಹಚ್ಚಿಕೊಟ್ಟ ಊಟದೆಲೆಯಲ್ಲಿ ಉಂಡು ಬೆಳೆದವನು ನಾನು. ಹೀಗೇ ಬಿಟ್ಟರೆ ಇದು ಚಳಿಗಾಲ ಕಾಣುವುದಿಲ್ಲ ಎಂದು ಮೇಡಂ ಹೇಳಿದರು.

ಮನೆಗೆ ಬಂದು ಸುಮಿತ್ರಾಳಿಗೆ ಹೇಳಿದೆ. ಎಲ್ಲಿ ಹೋದರೂ ಮುತ್ತುಗಕ್ಕೆ ಮೂರೇ ಎಲೆ, ನೀವೂ ಅಷ್ಟೇ, ಇಲ್ಲಿಯವರೂ ಅದನ್ನೇ ‘ಢಾಕ್ ಕೇ ತೀನ್ ಪಾತ್’ ಅಂತಾರೆ ಎಂದು ಎರಡು ಭಾಷೆಗಳಲ್ಲಿ ಚುಚ್ಚಿದಳು. ಆಮೇಲೆ ಮೆಲ್ಲಗೆ, “ಶಾಲು ಬೇಕೋ, ಸಸಿ ಬೇಕೋ, ಅಷ್ಟು ಹೇಳಿ” ಅಂದಳು. ಹೆಸರು ಸಿಕ್ಕಿ ವಾರವೂ ಆಗಿರಲಿಲ್ಲ. ಬೇಲಿ ಕಿತ್ತರೆ ಮತ್ತೆ ಮದ್ರಾಸಿಯೇ. ಆದರೂ ಸಸಿಯೇ ಎಂದು ನಿಶ್ಚಯಿಸಿದೆ. ಸನ್ಮಾನ ಬೇಡವೆನ್ನಲು ಖನ್ನಾಜಿಗೆ ಫೋನ್ ಮಾಡಿದರೆ, ಬ್ಯಾನರ್ ಪ್ರಿಂಟ್ ಆಗಿದೆ ಎಂದು ಇಟ್ಟುಬಿಟ್ಟರು.

ಭಾನುವಾರ ಶಾಲು ಹೊದಿಸಿದರು, ಹಾರ ಹಾಕಿದರು, ದೋ ಶಬ್ದ್, ಎರಡು ಮಾತಾಡಿ, ಎಂದರು. ನಾನು ಮೇಡಂ ಕೈಯಿಂದ ಗುದ್ದಲಿ ತೆಗೆದುಕೊಂಡೆ. ಸಸಿ ನೆಡುತ್ತಾರೆಂದು ಭಾವಿಸಿ ಎಲ್ಲರೂ ಚಪ್ಪಾಳೆ ತಟ್ಟಿದರು, ಫೋಟೋ ತೆಗೆದರು. ಸೊಂಟ ಲಟಕ್ ಎಂದರೂ ಬಿಡದೆ ಬಗ್ಗಿ, ಬುಡದ ಕೆಳಗೆ ಕಡಿದು, ಮೊದಲ ಪೊದೆಯನ್ನು ಬೇರು ಸಮೇತ ಎಳೆದು ತಲೆಕೆಳಗಾಗಿ ಇಟ್ಟೆ. ಎರಡನೆಯದಕ್ಕೆ ಚಪ್ಪಾಳೆ ನಿಂತಿತು.

“ಯೇ ಆಪ್ ಕ್ಯಾ ಕರ್ ರಹೇ ಹೈಂ?” ಎಂದರು ಖನ್ನಾಜಿ.

“ಜೋ ಪೆಹಲೇ ಕರ್‌ನಾ ಥಾ”, ಮೊದಲೇ ಮಾಡಬೇಕಿದ್ದದ್ದನ್ನು ಮಾಡುತ್ತಿದ್ದೇನೆ, ಎಂದೆ. ನನ್ನ ಹಿಂದಿ ಅಷ್ಟು ಸರಿಯಾಗಿ ಬಂದದ್ದು ಅದೇ ಮೊದಲು. ಮೇಡಂ ಮುತ್ತುಗದ ಸಸಿ ತೋರಿಸಿ ವಿವರಿಸಲು ಹೋದರು, ಅಷ್ಟರಲ್ಲಿ ಜನ ಸಮೋಸಾದ ಕಡೆ ತಿರುಗಿದ್ದರು. ಮಳೆಗಾಲ ಮುಗಿಯುವವರೆಗೆ, ಸುಮಿತ್ರಾ ಸೊಂಟಕ್ಕೆ ಎಣ್ಣೆ ತಿಕ್ಕಿದಷ್ಟೂ ದಿನ, ಹೋಗಿ ಕಿತ್ತೆ. ಖನ್ನಾಜಿ ನನ್ನ ನಮಸ್ಕಾರಕ್ಕೆ ಮೊಬೈಲ್ ನೋಡುವುದನ್ನು ಕಲಿತರು. ಸಸಿ ಮಾತ್ರ ನೆಟ್ಟಗೆ ನಿಂತು ಹೊಸ ಎಲೆ ಬಿಟ್ಟಿದೆ.

ಮೊನ್ನೆ ಅಲ್ಲಿ ವಾಕಿಂಗಿಗೆ ಬಂದ ಹುಡುಗಿಯೊಬ್ಬಳು, ಇಲ್ಲಿ ಯಾರೋ ಪುಣ್ಯಾತ್ಮರು ಎಂಥ ಹೂವಿನ ಬೇಲಿ ಬೆಳೆಸಿದ್ದರು, ಯಾವನೋ ಹುಚ್ಚ ಕಿತ್ತುಹಾಕಿದನಂತೆ ಎಂದು ಮರುಗಿದಳು. ಧೈರ್ಯ ಮಾಡಿ, ಆ ಹುಚ್ಚ ನಾನೇ ಎಂದೆ. ಅವಳು ನನ್ನ ಮುಖ ದಿಟ್ಟಿಸಿ ನಕ್ಕಳು. ವಾಕಿಂಗ್ ಮಂಡಳಿಯ ವಾಟ್ಸಾಪ್ ಗ್ರೂಪಿನಲ್ಲಿ ನಾನು ಶಾಲು ಹೊದ್ದು ಗುದ್ದಲಿ ಹಿಡಿದ ಫೋಟೋ ನೋಡಿದ್ದಳಂತೆ. ನೀವು ಫೂಲ್‌ವಾಲೆ ಅಂಕಲ್ ಅಲ್ಲವೇ, ಇನ್ನೊಬ್ಬರ ತಪ್ಪನ್ನು ಮೈಮೇಲೆ ಹಾಕಿಕೊಳ್ಳುವಷ್ಟು ಒಳ್ಳೆಯವರು ಈ ಕಾಲದಲ್ಲಿ ಎಲ್ಲಿದ್ದಾರೆ ಎಂದಳು. ಅಲ್ಲ ಎನ್ನಲು ಬಾಯಿ ತೆರೆದೆ. ಆದರೆ ಹೊಗಳಿಕೆ ಚೆನ್ನಾಗಿತ್ತು. ಥ್ಯಾಂಕ್ಯೂ ಬೇಟಾ ಎಂದು ಹೇಳಿ ಮನೆಗೆ ಬಂದೆ.