ತಪಾಸಣೆ ವೇಳೆ ಕೊಳದ ಜೀವಿಗಳು ಅಲುಗಾಡುವ ಕುರಿತು

ಜಲಮೂಲಗಳ ಇಲಾಖೆ
ಸಂಖ್ಯೆ: ಜಮೂ/ಸೂಕ್ಷ್ಮ/ಹನಿ-1

ವಿಷಯ: ಕಚೇರಿ ಹಿಂಬದಿಯ ಕೊಳದ ಸಜೀವ ಸೂಕ್ಷ್ಮಜೀವಿಗಳ ವೀಕ್ಷಣೆಗೆ ಸೂಕ್ಷ್ಮದರ್ಶಕದ ಆಯ್ಕೆ.

ಉಲ್ಲೇಖ: ಕೊಳ ಮುಚ್ಚಿ ವಾಹನ ನಿಲ್ದಾಣ ಮಾಡುವ ಪ್ರಸ್ತಾವ, ಜಲಪರೀಕ್ಷಕಿಯ ಆಕ್ಷೇಪಣೆ, ಅವರದೇ ನೆನಪೋಲೆ, ಅವರದೇ ನಿಟ್ಟುಸಿರು (ಮೌಖಿಕ).

ಜೀವಿಗಳು ಕಾಣದಿದ್ದಲ್ಲಿ ಕೊಳವನ್ನು ಮುಚ್ಚಬಹುದೆಂಬುದು ನಿಯಮ. ಮಧ್ಯಾಹ್ನದ ಬುತ್ತಿಯನ್ನು ಅದರ ದಡದಲ್ಲೇ ಬಿಚ್ಚುವ ಜಲಪರೀಕ್ಷಕಿ, ಜೀವಿಗಳಿವೆ ಎಂದು ಹಟ ಹಿಡಿದಿರುತ್ತಾರೆ. ಬಣ್ಣ ಹಾಕಿ ಕೊಲ್ಲದೆಯೇ ತೋರಿಸುವ, ನಾನೂರು ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕವನ್ನು ಅವರು ಕೇಳಿದ್ದರು. ಹೆಚ್ಚಿದ್ದಷ್ಟೂ ಒಳ್ಳೆಯದೆಂಬ ಖರೀದಿ ಸಮಿತಿಯ ವಾಡಿಕೆಯಂತೆ ಎರಡು ಸಾವಿರ ಪಟ್ಟು ಹಿಗ್ಗಿಸುವುದನ್ನು ತರಿಸಲಾಯಿತು. ಅದರಲ್ಲಿ ಜೀವಿಗಳು ಕಣ್ಣಿಗೆ ಬೀಳುವ ಮೊದಲೇ ಪರಾರಿಯಾಗುತ್ತಿದ್ದು, ಮಿಕ್ಕಿದ್ದೆಲ್ಲ ಮಂಜುಮಂಜಾಗಿ ಕಂಡಿರುತ್ತದೆ. ಆದಕಾರಣ ಜೀವಿಗಳಿಗೆ ಈ ಮೂಲಕ ಸೂಚಿಸಲಾಗಿದೆ:

1. ತಪಾಸಣೆ ಮುಗಿಯುವವರೆಗೆ ಯಾರೂ ಜಾಗ ಬಿಟ್ಟು ಕದಲತಕ್ಕದ್ದಲ್ಲ.

2. ಓಡಾಟ ಅನಿವಾರ್ಯವಾದಲ್ಲಿ ಎಡದಿಂದ ಬಲಕ್ಕೆ, ಸಾಲಾಗಿ, ನೂಕುನುಗ್ಗಲಿಲ್ಲದೆ ಸಾಗತಕ್ಕದ್ದು.

3. ದೀಪದ ಕಾವಿಗೆ ಹನಿ ಒಣಗಿ ಸತ್ತವರು ತಾವು ಜೀವಂತರೆಂದು ಹೇಳಿಕೊಳ್ಳುವಂತಿಲ್ಲ.

4. ನೋಡುತ್ತಿರುವಾಗಲೇ ಒಂದು ಜೀವಿ ಎರಡಾದಲ್ಲಿ, ಎರಡನೆಯದನ್ನು ಅನಧಿಕೃತ ನೇಮಕಾತಿ ಎಂದು ಪರಿಗಣಿಸಲಾಗುವುದು.

5. ಒಬ್ಬರನ್ನೊಬ್ಬರು ನುಂಗುವುದು ನಿಷಿದ್ಧ. ನುಂಗಿದವರು ನುಂಗಿಸಿಕೊಂಡವರ ಬಾಕಿ ಕೆಲಸವನ್ನೂ ಪೂರೈಸತಕ್ಕದ್ದು.

6. ಇಷ್ಟು ಬೆರಳಚ್ಚಾದ ಮೇಲೆ, ಸಹಿ ಹಾಕಲು ಪ್ರಯೋಗಾಲಯಕ್ಕೆ ಬಂದ ನಿರ್ದೇಶಕರು, ಜಲಪರೀಕ್ಷಕಿ ತಮ್ಮ ಶಾಲಾಶಿಕ್ಷಕಿ ಅಕ್ಕನಿಂದ ಕೇಳಿ ತಂದಿದ್ದ, ಬರೀ ನೂರು ಪಟ್ಟು ಹಿಗ್ಗಿಸುವ ಹಳೆಯ ಸೂಕ್ಷ್ಮದರ್ಶಕಕ್ಕೆ ಸುಮ್ಮನೆ ಕಣ್ಣಿಟ್ಟರು. "ಅಯ್ಯೋ, ಇದರ ಹೊಟ್ಟೆ ಒಳಗಿರೋದೆಲ್ಲಾ ಕಾಣ್ತಿದೆಯಲ್ರೀ!" ಎಂದರು. ಸದರಿ ಉದ್ಗಾರ ಕಡತಕ್ಕೆ ಸಲ್ಲುವಂಥದ್ದಲ್ಲ. "ಸ್ವಲ್ಪ ಸರೀರಿ ಸಾರ್, ನಾನೂ ನೋಡ್ಬೇಕು" ಎಂಬ ಜಲಪರೀಕ್ಷಕಿಯ ಮನವಿಯನ್ನು ತಿರಸ್ಕರಿಸಲಾಗಿದೆ.

7. ಆದುದರಿಂದ ಕಂಡಿಕೆ 1ರಿಂದ 5ರವರೆಗಿನವನ್ನು ಹಿಂಪಡೆಯಲಾಗಿದೆ. ಕೊಳ ಇದ್ದಲ್ಲಿಯೇ ಇರತಕ್ಕದ್ದು. ವಾಹನಗಳು ಬೇರೆ ಜಾಗ ನೋಡಿಕೊಳ್ಳತಕ್ಕದ್ದು. ಜಲಪರೀಕ್ಷಕಿ ಕೇಳಿದ್ದನ್ನೇ ತರಿಸತಕ್ಕದ್ದು. ಎರಡು ಸಾವಿರ ಪಟ್ಟಿನದನ್ನು ಬಾಗಿಲು ಬಡಿಯದಂತೆ ಅಡ್ಡ ಇಡತಕ್ಕದ್ದು. ಜಲಪರೀಕ್ಷಕಿಗೆ ಆಗಿರುವ ಸಂತೋಷವನ್ನು ಅಳೆಯಲು ಇಲಾಖೆಯಲ್ಲಿ ಉಪಕರಣವಿರುವುದಿಲ್ಲ.

ಸಹಿ/-
ಜಲಪರೀಕ್ಷಕಿ
ನಿರ್ದೇಶಕರ ಪರವಾಗಿ
(ಅವರು ಸೂಕ್ಷ್ಮದರ್ಶಕದಿಂದ ಇನ್ನೂ ಕಣ್ಣು ತೆಗೆದಿರುವುದಿಲ್ಲ)

ಪ್ರತಿಗಳು:
ಖರೀದಿ ಸಮಿತಿಗೆ, ಹಿಗ್ಗಿಸದೆಯೇ ಓದಿಕೊಳ್ಳಲು.
ವಾಹನ ನಿಲ್ದಾಣದ ಗುತ್ತಿಗೆದಾರರಿಗೆ, ಸಂತಾಪದೊಂದಿಗೆ.
ಅಕ್ಕನವರಿಗೆ: ಯಂತ್ರ ಇವತ್ತು ವಾಪಸು ಸಿಗುವ ಲಕ್ಷಣಗಳಿಲ್ಲ.
ಕೊಳಕ್ಕೆ: ಪಡೆದಿರುವ ಒಂದು ಹನಿಯನ್ನು, ನಿರ್ದೇಶಕರು ಎದ್ದ ಕೂಡಲೇ, ನಿವಾಸಿಗಳ ಸಮೇತ ಹಿಂತಿರುಗಿಸಲಾಗುವುದು.