ಹಿಂದಿನ ಎಡಬಾಗಿಲಿನೊಳಗೆ ಗೂಡು ಕಟ್ಟಿದವರಿಗೆ

ಹಾರೋಹಳ್ಳಿ ಹತ್ತಿರ, 2007

ಶ್ರೀ ರೇಷ್ಮೆ ಹುಳುಗಳವರ ಸನ್ನಿಧಿಗೆ,
ಹಿಂದಿನ ಎಡಬಾಗಿಲು, ನನ್ನ ಕಾರು, ನಮ್ಮ ಮನೆಯ ಚಪ್ಪರ.

ಮಾನ್ಯರೇ,

ತಮಗೆ ಕಾಲುಗಳು ಎಷ್ಟಿವೆಯೋ ಅಷ್ಟಕ್ಕೂ ನಮಸ್ಕರಿಸಿ, ತಮ್ಮ ವಿಶ್ರಾಂತಿಗೆ ಭಂಗ ಬಾರದಂತೆ ಬಾಗಿಲಿನಿಂದ ಮಾರು ದೂರ ಕುಳಿತು ಬರೆಯುತ್ತಿರುವ ವಿಜ್ಞಾಪನೆ ಇದು.

ನಾನು ಇಲ್ಲಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕಾರಿನ ಬಾಗಿಲಿನ ಒಳಹಲಗೆಗಳನ್ನು ಪೆಟ್ಟಿಗೆಗೆ ತುಂಬುವ ನೌಕರ. ದಿನವಿಡೀ ಹಲಗೆ ಹಿಡಿಯುವವನಿಗೆ ಅದನ್ನು ಕೂರಿಸುವುದೇನು ಮಹಾ ಎಂಬ ಧೈರ್ಯದಿಂದ, ಗ್ಯಾರೇಜಿನ ಫಕ್ರುದ್ದೀನ್ ಬೇಡವೆಂದರೂ ಕೇಳದೆ, ನನ್ನ ಹಳೆಯ ಕಾರಿನ ಬಾಗಿಲುಹಲಗೆಯ ಹರಿದ ರೆಕ್ಸಿನ್ನನ್ನು ಮನೆಯಲ್ಲೇ ಬದಲಾಯಿಸಲು ಹೊರಟೆ. ಕಾರಣವಿತ್ತು. ತಮಗೆ ಸೊಪ್ಪು ಕೊಡುವ ನಮ್ಮ ಹಿಪ್ಪುನೇರಳೆ ತೋಟವನ್ನು ಕೈಗಾರಿಕಾ ಪ್ರದೇಶಕ್ಕೆಂದು ಸರ್ಕಾರ ವಶಪಡಿಸಿಕೊಂಡಿದೆ, ಹಾಗಾಗಿ ನನ್ನ ಹೆಂಡತಿ ಶಿವಲಕ್ಷ್ಮಿ ಸಾಕಿದ ಬೆಳೆಗಳಲ್ಲಿ ತಾವೇ ಕೊನೆಯವರು. ಇಷ್ಟು ವರ್ಷ ಗೂಡಿನ ಚೀಲಗಳೊಡನೆ ಬಸ್ಸಿನಲ್ಲಿ ನಿಂತುಕೊಂಡೇ ರಾಮನಗರದ ಮಾರುಕಟ್ಟೆಗೆ ಹೋದವಳು ಈ ಒಂದು ಸಲವಾದರೂ ಹೊಸ ರೆಕ್ಸಿನ್ನಿಗೆ ಒರಗಿ ಕುಳಿತು ಹೋಗಲಿ ಎಂದುಕೊಂಡೆ.

ಹಿಡಿಕೆ ಬಿಚ್ಚಿ ಹಲಗೆ ಎಳೆದೆ. ಅದನ್ನು ಹಿಡಿದುಕೊಂಡಿದ್ದ ಪ್ಲಾಸ್ಟಿಕ್ ಕ್ಲಿಪ್ಪುಗಳು ಒಂದೊಂದಾಗಿ ಟಪ್ಪೆಂದು ಮುರಿದು ಸೇವೆಯಿಂದ ನಿವೃತ್ತಿ ಹೊಂದಿದವು. ಹೊಸ ರೆಕ್ಸಿನ್ ಕತ್ತರಿಸಿಕೊಂಡು ಅಂಟಿನ ಡಬ್ಬಿಗೆ ಕೈ ಹಾಕುವಷ್ಟರಲ್ಲಿ ಶಿವಲಕ್ಷ್ಮಿ ಹೊರಗೆ ಬಂದಳು. “ಹುಳ ಹಣ್ಣಾಗವೆ. ಆ ಡಬ್ಬಿ ಮುಚ್ಚಳ ತೆಗುದ್ರೆ ನಿಮ್ಗೂ ನಂಗೂ ಸರಿ ಇರಾಕಿಲ್ಲ” ಅಂದಳು. ಹಣ್ಣಾಗಿ ಗೂಡು ಕಟ್ಟಲು ಸಿದ್ಧರಾದ ತಮಗೆ ಘಾಟು ವಾಸನೆ ಆಗದೆಂಬುದನ್ನು ನಾನು ಬಲ್ಲೆ. ತಾವಿರುವಷ್ಟು ದಿನ ನಮ್ಮ ಮನೆಯಲ್ಲಿ ದೇವರಿಗೂ ಊದುಬತ್ತಿಯಿಲ್ಲ, ಬೀಡಿ ಸೇದಿ ಬಂದ ನೆಂಟರಿಗೆ ಜಗಲಿಯಿಂದಲೇ ವಿದಾಯ. ಡಬ್ಬಿ ಮುಚ್ಚಿದಂತೆಯೇ ಉಳಿಯಿತು, ಬಾಗಿಲು ಮಾತ್ರ ಹೊಟ್ಟೆ ಬಿಟ್ಟುಕೊಂಡು ನಿಂತಿತು.

ಚಪ್ಪರವನ್ನೆಲ್ಲ ಕಾರು ಆಕ್ರಮಿಸಿದ್ದರಿಂದ, ತಮಗೆ ಗೂಡು ಕಟ್ಟಲೆಂದೇ ಬಿದಿರಿನಲ್ಲಿ ಸುರುಳಿ ಸುರುಳಿಯಾಗಿ ಹೆಣೆಸಿದ ಚಂದ್ರಿಕೆಗಳನ್ನು ನಾನು ಕಾರಿಗೇ ಒರಗಿಸಿದೆ. ಈ ತಪ್ಪು ನನ್ನದೆಂದು ನಮ್ಮ ಮನೆಯಲ್ಲಿ ತೀರ್ಮಾನವಾಗಿದೆ. ಆದರೂ ತಮ್ಮ ಪೈಕಿ ಒಂದು ಗುಂಪು ಅಂಥ ಚಂದ್ರಿಕೆಯನ್ನು ತಿರಸ್ಕರಿಸಿ, ತುಕ್ಕು ಹಿಡಿದ ತಗಡಿನ ತೂತುಗಳಲ್ಲಿ ನುಸುಳಿ, ಕಿಟಕಿ ಗಾಜು ಇಳಿಯುವ ಜಾಗದಲ್ಲೇ ಗೂಡು ಕಟ್ಟಿದ್ದನ್ನು ನೋಡಿದರೆ ತಮ್ಮ ಅಭಿರುಚಿಯ ಬಗ್ಗೆ ನನಗೆ ಅಪಾರ ಗೌರವ ಮೂಡುತ್ತದೆ. ಬಾಗಿಲಿನ ಮೇಲೆ ಇಷ್ಟು ಒಪ್ಪವಾಗಿ ಕೆಲಸ ಮಾಡಿದವರನ್ನು ನಾನು ಕಾರ್ಖಾನೆಯಲ್ಲೂ ಕಂಡಿಲ್ಲ. ದುಂಡಗೆ ಸುತ್ತುವ ಬದಲು ತಾವು ಬಾಗಿಲಿನಗಲಕ್ಕೆ ಚಪ್ಪಟೆಯಾಗಿ ಸುತ್ತಿದ್ದರೆ ನನಗೆ ರೆಕ್ಸಿನ್ನಿನ ಗೋಜೇ ಇರುತ್ತಿರಲಿಲ್ಲ. ಈಗಲೂ ಮನಸ್ಸಿದ್ದರೆ ಅಷ್ಟನ್ನೂ ಬಿಚ್ಚಿ ಮತ್ತೆ ಸುತ್ತಿಕೊಡಬೇಕಾಗಿ ಕೋರುತ್ತೇನೆ. ಬಣ್ಣ ಈಗಿರುವ ಹಳದಿಯೇ ಆಗಬಹುದು.

ಚಂದ್ರಿಕೆಗಳಿಂದ ಗೂಡು ಬಿಡಿಸುವ ದಿನ, ತಮ್ಮನ್ನೂ ತೆರವು ಮಾಡಿಸೋಣವೆಂದು ಚಮಚದ ಹಿಡಿ ಹಿಡಿದು ಬಾಗಿಲ ಮುಂದೆ ಕುಳಿತೆ. ಶಿವಲಕ್ಷ್ಮಿ ಚಮಚ ಕಸಿದುಕೊಂಡಳು. “ಬುಡಿ, ಅವುನ್ನೂ ಎಬ್ಬುಸ್ಬ್ಯಾಡಿ. ನಮ್ಮನ್ನ ಎಬ್ಬುಸ್ತಿರೋದೇ ಸಾಕು” ಅಂದಳು. ದನಿ ಏರಿಸಲಿಲ್ಲ. ತೋಟ ಹೋದದ್ದರ ಬಗ್ಗೆ ಅವಳು ನನ್ನೆದುರು ಬಾಯಿ ಬಿಟ್ಟು ಆಡಿದ ಮೊದಲ ಮಾತು ಅದೇ ಆದ್ದರಿಂದ ನಾನು ಬಾಗಿಲ ಮುಂದಿನಿಂದ ಎದ್ದೆ.

ಹಲಗೆಯಿಲ್ಲದ ಬಾಗಿಲಿನಲ್ಲೇ ರಾಮನಗರಕ್ಕೆ ಹೋದೆವು. ಮುಂದೆ ಕೂರು ಎಂದರೂ ಕೇಳದೆ ಅವಳು ಹಿಂದೆ, ತಮ್ಮ ಪಕ್ಕದಲ್ಲೇ ಕುಳಿತು, ರಸ್ತೆಯ ಉಬ್ಬು ಬಂದಲ್ಲೆಲ್ಲ ಆ ತಗಡಿಗೆ ಅಂಗೈ ಒತ್ತಿ ಹಿಡಿದಳು. ಮಾರುಕಟ್ಟೆಯಲ್ಲಿ ಗೂಡು ಸುರಿದು ಖಾಲಿ ಚೀಲ ಮಡಿಚುವಾಗ ಅತ್ತಳು. ಗೂಡಿನ ಗುಣಮಟ್ಟ ಚೆನ್ನಾಗಿದೆ, ಮುಂದಿನ ಬೆಳೆಯನ್ನೂ ಇಲ್ಲಿಗೇ ತನ್ನಿ ಎಂದು ಕೊಂಡವರು ಹೇಳಿದ್ದಕ್ಕೆ ಆಗಲಿ ಎಂದು ತಲೆಯಾಡಿಸಿ ಬಂದಳು.

ಆದ್ದರಿಂದ ತಾವು ಹೊರಡುವವರೆಗೆ ಬಾಗಿಲಿನ ಕೆಲಸವನ್ನು ನಿಲ್ಲಿಸಿರುತ್ತೇನೆ. ಅಂಟು ಡಬ್ಬಿಯಲ್ಲೇ ಗಟ್ಟಿಯಾದರೂ ಆಗಲಿ. ಅದರ ಬಗ್ಗೆ ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ತಮ್ಮ ಬಾಗಿಲನ್ನು ಇನ್ನುಮುಂದೆ ಮೆಲ್ಲಗೇ ಹಾಕುವ ವಿಶ್ವಾಸಿ,
ಬಾಲರಾಜು

ಬರೆಯಲು ಮರೆತದ್ದು: ತಾವು ಚಿಟ್ಟೆಯಾಗಿ ಹೊರಬಂದು ಮೊಟ್ಟೆಯಿಟ್ಟರೆ, ಮರಿಗಳಿಗೆ ಸೊಪ್ಪೆಲ್ಲಿ ಎಂದು ನನ್ನನ್ನು ಕೇಳಬೇಡಿ. ತೋಟದ ಅಳತೆಗೆ ಬಂದ ಸಾಹೇಬರನ್ನು ಶಿವಲಕ್ಷ್ಮಿ ಅದನ್ನೇ ಕೇಳಿದಾಗ, ಹುಳುಗಳ ವಿಷಯ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಅವರು ಬಹಳ ನಯವಾಗಿ ತಿಳಿಸಿದರು. ಸೊಪ್ಪಿಲ್ಲದೆ ಬದುಕುವುದು ಹೇಗೆಂದು ತಮಗೇನಾದರೂ ಗೊತ್ತಾದರೆ ದಯವಿಟ್ಟು ನಮಗೂ ಒಂದು ಮಾತು ತಿಳಿಸಿ. ಅವಳು ಬೆಳಿಗ್ಗೆಯಿಂದ ಖಾಲಿ ಹುಳುಮನೆಯಲ್ಲಿ ಕುಳಿತಿದ್ದಾಳೆ.